ದಿನವೂ ನಡೆದರೂ ತೂಕ ಇಳಿಯುತ್ತಿಲ್ಲ: ನಡಿಗೆ ಹೆಚ್ಚಿಸಬೇಕೇ, ಊಟ ಕಡಿಮೆ ಮಾಡಬೇಕೇ?

ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ, ಎತ್ತರ 160 ಸೆಂಟಿಮೀಟರ್, ತೂಕ 74 ಕಿಲೋ. ಕಚೇರಿಯಲ್ಲಿ ದಿನವಿಡೀ ಕುಳಿತು ಮಾಡುವ ಕೆಲಸ. ಮಳೆಗಾಲ ಮುಗಿದಾಗಿನಿಂದ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಒಂದು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ನಿದ್ದೆ ಸುಧಾರಿಸಿದೆ, ಮೆಟ್ಟಿಲು ಹತ್ತುವಾಗಿನ ಏದುಸಿರು ನಿಂತಿದೆ. ಆದರೆ ತೂಕ ಇದ್ದಲ್ಲೇ ಇದೆ.

ಮನೆಯಲ್ಲಿ ನಾವು ನಾಲ್ವರು. ಬೆಳಿಗ್ಗೆ ದೋಸೆ ಅಥವಾ ಅವಲಕ್ಕಿ, ಭಾನುವಾರ ಬನ್ಸ್. ಮಧ್ಯಾಹ್ನ ಕುಚಲಕ್ಕಿ ಅನ್ನ, ಕಾಯಿ ಅರೆದ ಮೀನುಸಾರು, ಒಂದು ಹುರಿದ ಬಂಗಡೆ. ಸಂಜೆ ಚಹಾದ ಜೊತೆ ಚೂಡಾ ಅಥವಾ ಬಿಸ್ಕತ್ತು. ರಾತ್ರಿ ಮತ್ತೆ ಅನ್ನ. ಹೋಟೆಲಿಗೆ ಹೋಗುವುದು ತೀರಾ ಅಪರೂಪ. ಜೊತೆಗೆ ನಡೆಯುವ ಒಬ್ಬರು ‘ಎರಡು ಗಂಟೆ ನಡೆ’ ಎನ್ನುತ್ತಾರೆ, ಇನ್ನೊಬ್ಬರು ‘ರಾತ್ರಿ ಊಟ ಬಿಡು’ ಎನ್ನುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಹಾಗಾಗಿ ಈಗಲೇ ಎಚ್ಚರ ವಹಿಸಬೇಕು ಎಂದುಕೊಂಡಿದ್ದೇನೆ. ತಿಳಿದವರು ದಾರಿ ತೋರಿಸಿ.

ಅಘನಾಶಿನಿ ಮಾಸ್ತರು, ಕುಮಟಾ

ತಂಗೀ, ಮೊದಲಿಗೆ ಒಂದು ಮಾತು. ನಡಿಗೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ತೂಕದ ಯಂತ್ರ ತೋರಿಸದಿದ್ದರೂ ನಿಮ್ಮ ಹೃದಯ, ಶ್ವಾಸಕೋಶ, ರಕ್ತದ ಸಕ್ಕರೆ ಎಲ್ಲಕ್ಕೂ ಅದರ ಫಲ ಸಿಗುತ್ತಿದೆ. ಮೆಟ್ಟಿಲ ಮೇಲಿನ ಏದುಸಿರು ನಿಂತದ್ದೇ ಅದಕ್ಕೆ ಸಾಕ್ಷಿ. ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದವನು. ಈ ಪ್ರಶ್ನೆಯನ್ನು ನನ್ನ ಬಳಿ ಕೇಳದ ಪಾಲಕರೇ ಇಲ್ಲ.

ನಡಿಗೆ ಎಷ್ಟು ಸುಡುತ್ತದೆ ಎಂದು ನೋಡೋಣ. ನಿಮ್ಮ ತೂಕದವರು ಗಟ್ಟಿ ನೆಲದಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆದರೆ ಖರ್ಚಾಗುವುದು ಸುಮಾರು 260 ಕ್ಯಾಲರಿ. ಅದರಲ್ಲಿ 75ರಷ್ಟು ನೀವು ಆ ಹೊತ್ತು ಮನೆಯಲ್ಲಿ ಕುಳಿತಿದ್ದರೂ ಖರ್ಚಾಗುತ್ತಿತ್ತು. ಹಾಗಾಗಿ ನಡಿಗೆಯಿಂದ ಬಂದ ನಿಜವಾದ ಲಾಭ 185ರ ಆಸುಪಾಸು. ಭಾನುವಾರದ ಒಂದು ಬನ್ಸ್ ತೆಗೆದುಕೊಳ್ಳಿ: ಮೈದಾ, ಸಕ್ಕರೆ, ಕರಿಯುವಾಗ ಹೀರಿದ ಎಣ್ಣೆ ಎಲ್ಲ ಸೇರಿ 200ರಿಂದ 250 ಕ್ಯಾಲರಿ ಆಗುತ್ತದೆ. ಒಂದು ಗಂಟೆಯ ನಡಿಗೆ ಒಂದು ಬನ್ಸಿಗೇ ತೀರಿತು. ಹಾಗೆಂದು ಎರಡು ಗಂಟೆ ನಡೆದರೆ ಸಾಕೇ? ಹಸಿವೂ ಅಷ್ಟೇ ಏರುತ್ತದೆ, ಕಾಲು ನೋಯುತ್ತದೆ, ಒಂದು ತಿಂಗಳಲ್ಲಿ ಬೇಸರ ಬಂದು ಬಿಟ್ಟುಬಿಡುತ್ತೀರಿ. ನಾನು ಕಂಡಂತೆ ಹೆಚ್ಚಿನವರು ನಡಿಗೆ ಬಿಡುವುದು ಹೀಗೆಯೇ.

ಇನ್ನು ಊಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕುಳಿತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 1660 ಕ್ಯಾಲರಿ ಬೇಕು, 65 ಕಿಲೋ ತೂಕದ ಗಂಡಸಿಗೆ 2110. ನಿಮ್ಮ ತೂಕ ಹೆಚ್ಚಿರುವುದರಿಂದ ಬೇಡಿಕೆ ಸ್ವಲ್ಪ ಮೇಲಿರುತ್ತದೆ. ಮೈಯಲ್ಲಿ ಕುಳಿತ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಅಡಗಿರುತ್ತದೆ. ದಿನಕ್ಕೆ 450 ಕ್ಯಾಲರಿ ಕೊರತೆ ಮಾಡಿಕೊಂಡರೆ ತಿಂಗಳಿಗೆ ಒಂದೂವರೆ ಕಿಲೋ ಇಳಿಯುವುದು ಸಾಧ್ಯ. ಅದರಲ್ಲಿ 185 ನಿಮ್ಮ ನಡಿಗೆ ಕೊಡುತ್ತದೆ. ಉಳಿದದ್ದು ತಟ್ಟೆಯಿಂದ ಬರಬೇಕು. ಅಲ್ಲಿಂದಲೇ ಬರಬೇಕು.

ರಾತ್ರಿ ಊಟ ಬಿಡುವ ಅಗತ್ಯವಿಲ್ಲ. ನಿಮ್ಮ ಮನೆಯ ಅಡುಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕ್ಯಾಲರಿ ಇರುವ ಎರಡು ವಸ್ತುಗಳನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ: ತೆಂಗಿನಕಾಯಿ ಮತ್ತು ಎಣ್ಣೆ. ಒಂದು ಕಾಯಿಯ ತುರಿ 300 ಗ್ರಾಂ ಎಂದಿಟ್ಟುಕೊಳ್ಳಿ, ಅದರಲ್ಲೇ ಸಾವಿರ ಕ್ಯಾಲರಿ ಇದೆ. ದಿನಕ್ಕೊಂದು ಕಾಯಿ ಒಡೆದರೆ ನಾಲ್ವರಲ್ಲಿ ಒಬ್ಬೊಬ್ಬರಿಗೆ 250. ಎಣ್ಣೆಯ ಒಂದು ದೊಡ್ಡ ಚಮಚಕ್ಕೆ 120. ಒಂದು ವಾರ ಮನೆಯಲ್ಲಿ ಎಷ್ಟು ಕಾಯಿ, ಎಷ್ಟು ಎಣ್ಣೆ ಮುಗಿಯುತ್ತದೆ ಎಂದು ಅಳೆದು ಇಲ್ಲಿ ಬರೆಯಿರಿ. ಬೇರೆ ಏನನ್ನೂ ಈಗಲೇ ಬದಲಿಸಬೇಡಿ.

ನೀವು ಕಡಲತೀರದಲ್ಲಿ ನಡೆಯುವವರಾದ್ದರಿಂದ ಇನ್ನೊಂದು ವಿಷಯ. ನೀರಂಚಿನ ಗಟ್ಟಿ ಮರಳಿಗೂ ಮೇಲಿನ ಒಣ ಸಡಿಲ ಮರಳಿಗೂ ಬಹಳ ವ್ಯತ್ಯಾಸವಿದೆ. ಸಡಿಲ ಮರಳಿನಲ್ಲಿ ನಡೆಯಲು ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕು. ಗಂಟೆಯ ನಡುವೆ ಹತ್ತು ನಿಮಿಷ ಮೇಲಿನ ಮರಳಿಗೆ ಬನ್ನಿ, ಅಭ್ಯಾಸವಾದ ಮೇಲೆ ಹೆಚ್ಚಿಸಿ. ಪಾದದ ಗೆಣ್ಣು ಉಳುಕದಂತೆ ನೋಡಿಕೊಳ್ಳಿ.

ತೋಟಪಟ್ಟಿ, ಶಿರಸಿ

ಮಾಸ್ತರು ಹೇಳಿದ ಸಂಸ್ಥೆಯದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಕಠಿಣ ದುಡಿಮೆಯ ಗಂಡಸಿಗೆ 3470 ಕ್ಯಾಲರಿ ಬೇಕು. ನಮ್ಮ ಭಾಗದ ಬೊಜ್ಜಿನ ಕಥೆಯೆಲ್ಲ ಈ 3470 ಮತ್ತು 2110ರ ನಡುವೆ ಇದೆ ಎಂದು ನನಗೆ ಅನಿಸುತ್ತದೆ.

ನಮ್ಮ ಅಜ್ಜನವರು ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತೋಟಕ್ಕೆ ಇಳಿಸುತ್ತಿದ್ದರು. ಗೊಬ್ಬರವೂ ತಲೆಹೊರೆಯೇ. ಕೊಯ್ಲಿನ ಕಾಲದಲ್ಲಿ ಹಗಲಿಡೀ ಅಡಿಕೆ ಕೊನೆ ಹೊತ್ತು, ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿದು, ಬೆಳಗಾಗುವ ಮೊದಲೇ ಬೇಯಿಸುವ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಅಂಥವರಿಗೆ ಬಡಿಸುತ್ತಿದ್ದ ಅನ್ನದ ರಾಶಿ, ಮೇಲೆ ಸುರಿದ ತುಪ್ಪ, ದೋಸೆಗೆ ಜೋನಿಬೆಲ್ಲ, ಇವೆಲ್ಲ ಆ ಮೈಗೆ ಬೇಕಾಗಿತ್ತು. ಈಗ ನಾನು ತೋಟದವರೆಗೆ ಬೈಕಿನಲ್ಲಿ ಹೋಗುತ್ತೇನೆ. ನೀರಿಗೆ ಮೋಟಾರು, ಸುಲಿಯಲು ಯಂತ್ರ, ಗೊಬ್ಬರಕ್ಕೆ ಗಾಡಿ. ಕೊನೆ ಇಳಿಸುವುದಕ್ಕೂ ಔಷಧಿ ಹೊಡೆಯುವುದಕ್ಕೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಕೆಲಸ ಹಗುರವಾದದ್ದು ಒಳ್ಳೆಯದೇ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡವನು ನಾನು. ಆದರೆ ಬಡಿಸುವ ಸೌಟು ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ. ‘ತೋಟದ ಕೆಲಸ ಮಾಡುವವರಿಗೆ ವ್ಯಾಯಾಮ ಏಕೆ’ ಎಂದು ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ಇಡೀ ದಿನ ತೋಟದಲ್ಲಿ ಇರುವುದೇ ಬೇರೆ, ಇಡೀ ದಿನ ದುಡಿಯುವುದೇ ಬೇರೆ.

ಬೇಡ್ತಿ ದಡ, ಯಲ್ಲಾಪುರ

ಕ್ಷಮಿಸಿ, ನನಗೆ ಈ ಕ್ಯಾಲರಿ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಊಟದ ತಟ್ಟೆಯ ಮುಂದೆ ಗಣಿತ ಮಾಡುತ್ತಾ ಕುಳಿತರೆ ತಿಂದದ್ದು ಮೈಗೆ ಹತ್ತುವುದಾದರೂ ಹೇಗೆ? ಮನೆಯಲ್ಲಿ ಮಾಡಿದ್ದನ್ನು, ಬೆಲ್ಲ ತುಪ್ಪ ಜೇನುತುಪ್ಪದಂಥ ಶುದ್ಧ ವಸ್ತುಗಳನ್ನು ತಿಂದರೆ ಬೊಜ್ಜು ಬರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಪೊಟ್ಟಣದ ತಿಂಡಿಗಳನ್ನು ನಿಲ್ಲಿಸಿದರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ ಎಂಬುದು ನನ್ನ ನಂಬಿಕೆ.

ಶರಾವತಿ ಸಿಸ್ಟರ್, ಹೊನ್ನಾವರ

ಪೊಟ್ಟಣದ ತಿಂಡಿ ನಿಲ್ಲಿಸುವ ಮಾತಿಗೆ ನನ್ನ ಪೂರ್ತಿ ಬೆಂಬಲವಿದೆ. ಆದರೆ ಬೆಲ್ಲದ ಬಗ್ಗೆ ಸುಮ್ಮನಿರಲಾರೆ, ಏಕೆಂದರೆ ಆಸ್ಪತ್ರೆಯಲ್ಲಿ ದಿನವೂ ಇದನ್ನು ಕೇಳುತ್ತೇನೆ. ನೂರು ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲರಿ ಇದ್ದರೆ ನೂರು ಗ್ರಾಂ ಅಚ್ಚುಬೆಲ್ಲದಲ್ಲಿ 380ರ ಆಸುಪಾಸು. ಜೇನಿನಲ್ಲಿ ನೀರಿನ ಅಂಶ ಇರುವುದರಿಂದ 300 ದಾಟುತ್ತದೆ ಅಷ್ಟೇ. ರಕ್ತದಲ್ಲಿ ಸಕ್ಕರೆ ಏರಿಸುವ ವಿಷಯದಲ್ಲಿ ಇವು ಮೂರೂ ಒಂದೇ ಜಾತಿ. ತುಪ್ಪ ಎಷ್ಟೇ ಶುದ್ಧವಾಗಿರಲಿ, ಗ್ರಾಮಿಗೆ 9 ಕ್ಯಾಲರಿ; ಅನ್ನದ ಪಿಷ್ಟಕ್ಕೂ ಬೇಳೆಯ ಪ್ರೋಟೀನಿಗೂ ಗ್ರಾಮಿಗೆ 4. ಶುದ್ಧತೆ ಬೇರೆ, ಪ್ರಮಾಣ ಬೇರೆ.

ಜೀವಮಾನವಿಡೀ ಲೆಕ್ಕ ಇಡಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಕೆಲವು ವಾರ ಅಳೆದರೆ ಕಣ್ಣಿಗೆ ಅಂದಾಜು ಸಿಗುತ್ತದೆ. ಆಮೇಲೆ ತಟ್ಟೆ ನೋಡಿದರೆ ತಿಳಿಯುತ್ತದೆ.

ಕಾಳಿತೀರದ ಅಕ್ಕನವರಿಗೆ ಕೆಲವು ಮಾತು. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 29ರ ಹತ್ತಿರ ಬರುತ್ತದೆ. ಭಾರತೀಯರಿಗೆ 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು ಎಂದು ವೈದ್ಯರು ಗಣಿಸುತ್ತಾರೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ಅದಕ್ಕಾಗಿ ಈ ಗಡಿಯನ್ನು ಕೆಳಗೆ ಇಟ್ಟಿದ್ದಾರೆ. ತೂಕಕ್ಕಿಂತ ಸೊಂಟದ ಸುತ್ತಳತೆ ಹೆಚ್ಚು ಹೇಳುತ್ತದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಸುತ್ತಿ. ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ಎಷ್ಟೋ ಸಲ ತೂಕ ಇದ್ದಲ್ಲೇ ಇದ್ದು ಸುತ್ತಳತೆ ಇಳಿದಿರುತ್ತದೆ. ಹಾಗಾಗಿದ್ದರೆ ನಿಮ್ಮ ನಡಿಗೆ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ತಾಯಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ನೀವೂ ಒಮ್ಮೆ ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.

ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಬೇಡಿ. ಸಕ್ಕರೆ ಪ್ರಮಾಣ ದಿಢೀರನೆ ಕುಸಿಯುತ್ತದೆ. ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಅಂಥವರು ನಡೆಯಲು ಹೋಗುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡೇ ಹೋಗಿ.

ಬಲೆಗಾರ, ಬೈತಖೋಲ

ಮೀನು ತಿಂದರೆ ತೂಕ ಏರುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದನ್ನು ಬಿಡಿ. ಬಂಗಡೆ, ತಾರ್ಲೆ (ಬೂತಾಯಿ) ಎರಡರಲ್ಲೂ ಕೊಬ್ಬು ಇದೆ, ಆದರೆ ಅದರಲ್ಲಿ ಹೃದಯಕ್ಕೆ ಬೇಕಾದ ಒಮೆಗಾ-3 ಎಂಬ ಒಳ್ಳೆಯ ಕೊಬ್ಬೂ ಇದೆ. ಪ್ರೋಟೀನಂತೂ ಧಾರಾಳ. ಹೊಟ್ಟೆ ಬಹಳ ಹೊತ್ತು ತುಂಬಿದಂತಿರುತ್ತದೆ. ತೊಂದರೆ ಇರುವುದು ರವೆ ಹಚ್ಚಿ ಕಾವಲಿಯಲ್ಲಿ ಎಣ್ಣೆ ತುಂಬಿ ಹುರಿಯುವುದರಲ್ಲಿ. ರವೆ ಎಣ್ಣೆ ಕುಡಿಯುತ್ತದೆ. ನಮ್ಮ ಮನೆಯಲ್ಲಿ ಈಗ ಮೆಣಸಿನ ಖಾರ, ಅರಿಶಿನ, ಹುಣಸೆರಸ ಹಚ್ಚಿ, ಬಾಳೆಎಲೆಯಲ್ಲಿ ಸುತ್ತಿ, ಬಿಸಿ ಕಾವಲಿಯ ಮೇಲೆ ಮುಚ್ಚಿಟ್ಟು ಬೇಯಿಸುತ್ತಾರೆ. ಬಂಗಡೆಯ ಸ್ವಂತ ಎಣ್ಣೆಯೇ ಸಾಕಾಗುತ್ತದೆ. ಎಲೆ ಬಿಚ್ಚಿದಾಗ ಬರುವ ಪರಿಮಳಕ್ಕೆ ಹುರಿದ ಮೀನಿನ ನೆನಪೇ ಆಗುವುದಿಲ್ಲ. ಕಾಯಿ ಹೆಚ್ಚು ಅರೆದು ಗಟ್ಟಿ ಸಾರು ಮಾಡುವ ಬದಲು ವಾರದಲ್ಲಿ ಕೆಲವು ದಿನ ಕಾಯಿ ಹಾಕದ ತೆಳು ಖಾರದ ಸಾರು ಮಾಡಿ.

ನಮ್ಮವರಿಗೆ ತೂಕ ಏರುವುದು ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ, ಯಾಂತ್ರಿಕ ಮೀನುಗಾರಿಕೆ ನಿಷೇಧದ ಆ 61 ದಿನ. ಬಲೆ ಎಳೆಯುವ ಮೈಗೆ ಒಮ್ಮೆಲೇ ಬಿಡುವು ಸಿಗುತ್ತದೆ, ಊಟ ಮಾತ್ರ ಹಾಗೆಯೇ ನಡೆಯುತ್ತದೆ. ಹೊರಗೆ ಮಳೆ. ತಾಜಾ ಮೀನು ಸಿಗುವುದಿಲ್ಲವೆಂದು ಒಣಮೀನು ಹೆಚ್ಚಾಗಿ ತಿನ್ನುತ್ತೇವೆ. ಉಪ್ಪು ಜಾಸ್ತಿಯಾಗಿ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದೊತ್ತಡ ಇರುವವರಿಗೆ ಅದು ಇನ್ನೂ ಕೆಟ್ಟದ್ದು. ಮದ್ಯದ ಲೆಕ್ಕವನ್ನೂ ಯಾರೂ ಹಿಡಿಯುವುದಿಲ್ಲ. 650 ಎಂಎಲ್ ಬಿಯರ್ ಬಾಟಲಿಯೊಂದರಲ್ಲಿ 250 ಕ್ಯಾಲರಿಯಷ್ಟಿದೆ, ಜೊತೆಗೆ ನಂಜಿಕೊಳ್ಳುವ ಕರಿದ ಶೆಟ್ಲಿ (ಸಿಗಡಿ) ಬೇರೆ. ಗಂಡಸರು ತಮ್ಮ ತಟ್ಟೆಯ ಅನ್ನವನ್ನು ನೋಡುವ ಮೊದಲು ಇದನ್ನು ನೋಡಬೇಕು.

ಕರಿ ಈಶಾಡು, ಅಂಕೋಲಾ

ನನಗೆ ಮೇ ತಿಂಗಳಲ್ಲಿ ಮದುವೆ. ಅಷ್ಟರೊಳಗೆ ಹತ್ತು ಕಿಲೋ ಇಳಿಸಬೇಕು. ಎರಡೇ ತಿಂಗಳು ಉಳಿದಿದೆ. ಗೆಳೆಯರೊಬ್ಬರು ತೂಕ ಇಳಿಸುವ ಗಾರ್ಸಿನಿಯಾ ಕ್ಯಾಪ್ಸೂಲ್ ಹೇಳಿದ್ದಾರೆ, ನಮ್ಮ ಕಾಡಿನ ಉಪ್ಪಾಗೆಯಿಂದಲೇ ಮಾಡಿದ್ದಂತೆ. ನಮ್ಮದೇ ಹಣ್ಣಾದ್ದರಿಂದ ತೊಂದರೆ ಇರಲಾರದು ಅಲ್ಲವೇ? ಜೊತೆಗೆ ಬೆಳಿಗ್ಗೆ ಓಡಿ, ದಿನಕ್ಕೆ ಒಂದೇ ಊಟ ಮಾಡಿದರೆ ಹೇಗೆ?

ತೋಟಪಟ್ಟಿ, ಶಿರಸಿ

ತಮ್ಮಾ, ಉಪ್ಪಾಗೆಯ ವಿಷಯ ಬಂದದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇದು ನಮ್ಮ ಕಣ್ಣೆದುರೇ ನಡೆದ ಕಥೆ.

ಉಪ್ಪಾಗೆ ನಮ್ಮ ಶಿರಸಿ, ಸಿದ್ದಾಪುರದ ಕಾಡಿನ ಮರ. ಮಳೆಗಾಲದಲ್ಲಿ ಹಣ್ಣಾಗುತ್ತದೆ. ಒಣಗಿಸಿದ ಸಿಪ್ಪೆ ಹುಳಿಗೆ, ಬೀಜದಿಂದ ತೆಗೆದ ತುಪ್ಪ ಅಡುಗೆಗೆ. ಹಿಂದೆ ಮನೆಗೆ ಬೇಕಾದಷ್ಟನ್ನು ಮಾತ್ರ ತರುತ್ತಿದ್ದರು. ಆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂದು ವಿದೇಶಗಳಲ್ಲಿ ಪ್ರಚಾರವಾದ ಮೇಲೆ ಸಿಪ್ಪೆಗೆ ಬೆಲೆ ಬಂತು. ಬೇರೆಯವರು ಕೊಯ್ದುಬಿಟ್ಟಾರು ಎಂಬ ಆತುರದಲ್ಲಿ ಕಾಯಿ ಹಣ್ಣಾಗುವ ಮೊದಲೇ ಕೊಯ್ದರು, ಟೊಂಗೆಗಳನ್ನೂ ಕಡಿದರು. ಸುರಿಯುವ ಮಳೆಯಲ್ಲಿ ಒಣಗಿಸಲು ಬಿಸಿಲೆಲ್ಲಿ? ಒಲೆ ಹೂಡಿ ಹಗಲು ರಾತ್ರಿ ಹೊಗೆಯಲ್ಲಿ ಒಣಗಿಸಬೇಕು, ಅದಕ್ಕೆ ರಾಶಿ ರಾಶಿ ಸೌದೆ. ಯಾರದೋ ಬೊಜ್ಜು ಕರಗಿಸುವ ಹೆಸರಿನಲ್ಲಿ ನಮ್ಮ ಕಾಡು ಉರಿಯಿತು. ಬೊಜ್ಜಾದರೂ ಕರಗಿತೇ ಎಂಬುದನ್ನು ಸಿಸ್ಟರ್ ಹೇಳಲಿ.

ಉಪ್ಪಾಗೆ ಹುಳಿ ಹಾಕಿದ ಸಾರು ಉಣ್ಣು. ಅದು ಅಡುಗೆ. ಕ್ಯಾಪ್ಸೂಲ್ ಅಡುಗೆಯಲ್ಲ.

ಶರಾವತಿ ಸಿಸ್ಟರ್, ಹೊನ್ನಾವರ

ಕರಗಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಆಮ್ಲವಿರುವ ಗಾರ್ಸಿನಿಯಾ ಸಾರ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟು 12 ವಾರ ನೋಡಿದರು. ಇಬ್ಬರಿಗೂ ಒಂದೇ ಬಗೆಯ ಕಡಿಮೆ ಕ್ಯಾಲರಿಯ ಆಹಾರ. ತೂಕದಲ್ಲೂ ಕೊಬ್ಬಿನಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಾರ್ಸಿನಿಯಾ ಇರುವ ಇಂಥ ಗುಳಿಗೆಗಳನ್ನು ತೆಗೆದುಕೊಂಡವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಮದುವೆಯ ಹೊಸ್ತಿಲಲ್ಲಿ ಕಾಮಾಲೆ ತಂದುಕೊಳ್ಳಬೇಡಿ.

ಎರಡು ತಿಂಗಳಲ್ಲಿ ಹತ್ತು ಕಿಲೋ ಎಂದರೆ ವಾರಕ್ಕೆ ಒಂದು ಕಿಲೋಗಿಂತ ಹೆಚ್ಚು. ವಾರಕ್ಕೆ ಅರ್ಧ ಕಿಲೋ ಇಳಿಸುವುದು ಸುರಕ್ಷಿತ. ದಿನಕ್ಕೆ ಸಾವಿರ ಕ್ಯಾಲರಿಗಿಂತ ಕೆಳಗಿನ ಆಹಾರ ವೈದ್ಯರ ನಿಗಾ ಇಲ್ಲದೆ ಬೇಡ. ಹಸಿದು ಇಳಿಸಿದರೆ ಮೊದಲ ವಾರ ಎರಡು ಕಿಲೋ ಹೋಗಬಹುದು, ಅದರಲ್ಲಿ ಬಹುಪಾಲು ನೀರು. ಆಮೇಲೆ ಸ್ನಾಯು ಕರಗುತ್ತದೆ, ಕೂದಲು ಉದುರುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಇದೆ. ನಾಲ್ಕೈದು ಕಿಲೋ ಗುರಿ ಇಟ್ಟುಕೊಳ್ಳಿ, ಮದುವೆಯ ನಂತರವೂ ಮುಂದುವರಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಓಡಿ ಬಂದ ಮೇಲೆ ತೂಕ ನೋಡಿ ಹಿಗ್ಗಬೇಡಿ. ಇಳಿದದ್ದು ಬೆವರು, ಎರಡು ಲೋಟ ನೀರಿಗೆ ಮತ್ತೆ ಬರುತ್ತದೆ. ಬರಲೇಬೇಕು.

ಹೆಜ್ಜೆ ಗೆಜ್ಜೆ, ಸಿದ್ದಾಪುರ

ಇಲ್ಲಿ ಎಲ್ಲರೂ ಬೇಸಿಗೆಯ ಮಾತಾಡುತ್ತಿದ್ದೀರಿ. ನಮ್ಮ ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಡೆಯುವುದಾದರೂ ಹೇಗೆ? ಜಡಿಮಳೆ, ಉಂಬಳ, ಜಾರುವ ಪಾಗಾರದ ದಾರಿ. ನಾಲ್ಕು ತಿಂಗಳು ನಿಂತ ವ್ಯಾಯಾಮ ಮತ್ತೆ ಶುರುವಾಗುವಷ್ಟರಲ್ಲಿ ಹೋದ ತೂಕ ವಾಪಸಾಗಿರುತ್ತದೆ.

ನಾನು ಮಳೆಗಾಲಕ್ಕೆ ಯಕ್ಷಗಾನದ ಹೆಜ್ಜೆ ತರಗತಿಗೆ ಸೇರಿದೆ. ತಾಳಕ್ಕೆ ಸರಿಯಾಗಿ ಅರೆಮಂಡಿಯಲ್ಲಿ ನಿಂತು ಹೆಜ್ಜೆ ಹಾಕುವುದು ಎಷ್ಟು ಕಠಿಣ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಧೀಂಗಿಣ (ಗಿರಕಿ ಹೊಡೆಯುತ್ತಾ ಜಿಗಿಯುವ ಕುಣಿತ) ಕಲಿಯುವ ಹಂತಕ್ಕೆ ಬಂದಾಗ ತೊಡೆಯ ಸ್ನಾಯುಗಳು ಬೆಂಕಿಯಂತೆ ಉರಿಯುತ್ತಿದ್ದವು. ಭಾಗವತಿಕೆ, ಚಂಡೆಯ ಸದ್ದಿನಲ್ಲಿ ಒಂದು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಮನೆಯೊಳಗೆ ಯಂತ್ರದ ಮೇಲೆ ನಡೆಯುವುದಕ್ಕೆ ನನಗೆ ಎಂದೂ ಮನಸ್ಸು ಬರಲಿಲ್ಲ. ಇದಕ್ಕೆ ಮಾತ್ರ ಒಂದು ದಿನವೂ ತಪ್ಪಿಸಿಕೊಳ್ಳಬೇಕು ಅನಿಸಿಲ್ಲ. ನಮ್ಮ ಹುಡುಗಿಯರಿಗೆ, ಹೆಂಗಸರಿಗೆ ಇದನ್ನು ಮನಸಾರೆ ಹೇಳುತ್ತೇನೆ.

ಅಘನಾಶಿನಿ ಮಾಸ್ತರು, ಕುಮಟಾ

ಓದಿ ಬಹಳ ಖುಷಿಯಾಯಿತು. ಅರೆಮಂಡಿಯಲ್ಲಿ ನಿಲ್ಲುವುದು ನಾವು ಶಾಲೆಯಲ್ಲಿ ಹೊಡೆಸುತ್ತಿದ್ದ ಬಸ್ಕಿಯ ಕೆಲಸವನ್ನೇ ಮಾಡುತ್ತದೆ.

ಈ ಸ್ನಾಯುಬಲದ ವಿಷಯವನ್ನು ನಮ್ಮ ಜನ ಪೂರ್ತಿ ಮರೆತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ಎಂದಷ್ಟೇ ಹೇಳಿ ನಿಲ್ಲಿಸಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದಿದೆ. ಊಟ ಕಡಿಮೆ ಮಾಡಿದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಸ್ನಾಯುವಿಗೆ ಕೆಲಸ ಕೊಟ್ಟು, ಊಟದಲ್ಲಿ ಪ್ರೋಟೀನ್ ಇಟ್ಟರೆ ಆ ನಷ್ಟ ಕಡಿಮೆಯಾಗುತ್ತದೆ. ಜಿಮ್ ಬೇಕೆಂದಿಲ್ಲ. ನಲವತ್ತು ದಾಟಿದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿ, ಆಮೇಲೆ ಬಸ್ಕಿ. ಗೋಡೆಗೆ ಕೈ ಊರಿ ದಂಡ ಹೊಡೆಯಿರಿ. ಬಾವಿ ಇರುವವರು ಪಂಪು ಬಿಟ್ಟು ಹತ್ತು ಕೊಡ ನೀರನ್ನು ಕೈಯಲ್ಲೇ ಸೇದಿ, ತೋಳು ಬೆನ್ನು ಎರಡಕ್ಕೂ ಅದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ತಿಳಿದಿಲ್ಲ. ಪ್ರೋಟೀನಿಗೆ ಮೀನು, ಮೊಟ್ಟೆ. ಸಸ್ಯಾಹಾರಿಗಳು ಮೊಳಕೆ ಹೆಸರುಕಾಳು, ಬೇಳೆ, ಮೊಸರನ್ನು ಈಗಿನದಕ್ಕಿಂತ ಹೆಚ್ಚಿಸಬೇಕು. ನಮ್ಮ ಸಸ್ಯಾಹಾರಿ ಊಟದಲ್ಲಿ ಅನ್ನ ಹೆಚ್ಚು, ಬೇಳೆ ತೀರಾ ಕಡಿಮೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆಲವು ಕಿಲೋ ಇಳಿದ ಮೇಲೆ ತೂಕ ಮತ್ತೆ ನಿಲ್ಲುತ್ತದೆ. ಆಗ ಎದೆಗುಂದಬೇಡಿ. ಹಗುರವಾದ ಮೈಗೆ ನಡೆಯಲೂ ಉಸಿರಾಡಲೂ ಕಡಿಮೆ ಶಕ್ತಿ ಸಾಕು, ಆದ್ದರಿಂದ ಹಳೆಯ ಕೊರತೆ ತಾನಾಗಿಯೇ ಕಿರಿದಾಗುತ್ತದೆ. ಆಗ ತಟ್ಟೆಯನ್ನೋ ನಡಿಗೆಯನ್ನೋ ಸ್ವಲ್ಪ ಸರಿಪಡಿಸಿದರೆ ಸಾಕು. ಇಳಿದ ತೂಕವನ್ನು ಉಳಿಸಿಕೊಳ್ಳುವಾಗ ವ್ಯಾಯಾಮದ ಬೆಲೆ ತಿಳಿಯುತ್ತದೆ. ಅಮೆರಿಕದಲ್ಲಿ 1994ರಿಂದ, ತೂಕ ಇಳಿಸಿ ಹಾಗೆಯೇ ಉಳಿಸಿಕೊಂಡ ಸಾವಿರಾರು ಜನರ ವಿವರ ದಾಖಲಿಸುತ್ತಾ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆಯಂಥ ವ್ಯಾಯಾಮ ಬಿಟ್ಟಿಲ್ಲ. ಇಳಿಸುವುದು ಹೆಚ್ಚಾಗಿ ತಟ್ಟೆ, ಉಳಿಸುವುದು ಹೆಚ್ಚಾಗಿ ಕಾಲು.

ಬೇಡ್ತಿ ದಡ, ಯಲ್ಲಾಪುರ

ಬೆಲ್ಲದ ವಿಷಯದಲ್ಲಿ ಸಿಸ್ಟರ್ ಕೊಟ್ಟ ಅಂಕಿ ನೋಡಿ ಯೋಚನೆಗೆ ಬಿದ್ದಿದ್ದೇನೆ. ಆದರೆ ಒಂದು ಪ್ರಶ್ನೆ ಉಳಿದಿದೆ. ಮದುವೆ, ಉಪನಯನ, ಶ್ರಾದ್ಧ, ದೇವರಕಾರ್ಯ ಎಂದು ಊಟದ ಮನೆಗಳು ಮುಗಿಯುವುದೇ ಇಲ್ಲ. ಪಂಕ್ತಿಯಲ್ಲಿ ಕುಳಿತು ಬೇಡ ಎಂದರೆ ಮನೆಯವರಿಗೆ ಬೇಸರ. ಲೆಕ್ಕವನ್ನು ಅಲ್ಲಿ ಹೇಗೆ ಇಡುವುದು?

ತೋಟಪಟ್ಟಿ, ಶಿರಸಿ

ಬಡಿಸುವ ಕೆಲಸಕ್ಕೆ ನಿಂತುಬಿಡಿ! ಇದು ನನ್ನ ನಿಜವಾದ ಸಲಹೆ. ಎರಡು ಪಂಕ್ತಿಗೆ ಹುಳಿಯ ಬಕೆಟು ಹಿಡಿದು ಓಡಾಡಿದರೆ ಮನೆಯವರಿಗೂ ಸಂತೋಷ, ನಮಗೂ ಒಳ್ಳೆಯದು. ಊಟಕ್ಕೆ ಕುಳಿತಾಗ ಕೋಸಂಬರಿ, ಪಲ್ಯ, ಅಪ್ಪೆಹುಳಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ. ಆಗ ಯಾರೂ ‘ಏನೂ ಉಣ್ಣಲಿಲ್ಲ’ ಎನ್ನುವುದಿಲ್ಲ. ಹೋಳಿಗೆ ಒಂದು ತಿನ್ನಿ, ನಿಧಾನವಾಗಿ, ರುಚಿಯಾಗಿ. ಮರುಬಡಿಕೆಯವರು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ನಗುತ್ತಾ ‘ಸಾಕು’ ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಒತ್ತಾಯ ಮಾಡಿ ಬಡಿಸುವುದು ನಮ್ಮ ಪ್ರೀತಿಯ ರೀತಿ ಹೌದು, ಆದರೆ ಸಕ್ಕರೆ ಕಾಯಿಲೆ ಇದೆ ಎಂದವರಿಗೂ ಮೂರನೇ ಹೋಳಿಗೆ ಹಾಕುವುದನ್ನು ನಾವು ಬಡಿಸುವವರು ನಿಲ್ಲಿಸಲೇಬೇಕು.

ಕಾಳಿತೀರ, ಕಾರವಾರ

ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರು ಹೇಳಿದಂತೆ ಒಂದು ವಾರ ಅಳೆದೆವು. ಅತ್ತೆಯವರೇ ಮುಂದೆ ನಿಂತು ಲೆಕ್ಕ ಬರೆದರು. ವಾರಕ್ಕೆ ಎಂಟು ಕಾಯಿ, ಒಂದೂಕಾಲು ಲೀಟರ್ ಎಣ್ಣೆ. ಒಬ್ಬೊಬ್ಬರಿಗೆ ದಿನಕ್ಕೆ 40 ಗ್ರಾಂ ಎಣ್ಣೆ ಬೀಳುತ್ತಿದೆ. ಕುಳಿತು ಕೆಲಸ ಮಾಡುವವರಿಗೆ 20ರಿಂದ 25 ಗ್ರಾಂ ಸಾಕಂತೆ. ಈಗ ತಿಂಗಳಿಗೆ ಮೂರು ಲೀಟರ್ ಡಬ್ಬಿಗೆ ಸುರಿದಿಟ್ಟು ಅದರಲ್ಲೇ ಮುಗಿಸುವುದು ಎಂದು ಅತ್ತೆಯವರು ತೀರ್ಮಾನಿಸಿದ್ದಾರೆ. ಕಾಯಿ ದಿನಕ್ಕೆ ಅರ್ಧ. ಬಾಳೆಎಲೆಯ ಬಂಗಡೆ ಮಕ್ಕಳಿಗೂ ಹಿಡಿಸಿತು. ಅನ್ನವನ್ನು ಬಟ್ಟಲಲ್ಲಿ ಅಳೆದು ಹಾಕಿಕೊಳ್ಳುತ್ತಿದ್ದೇನೆ. ರಕ್ತ ಪರೀಕ್ಷೆಗೆ ಸೋಮವಾರ ಹೋಗುತ್ತೇನೆ. ಸೊಂಟದ ಸುತ್ತಳತೆ 93 ಬಂದಿದೆ, ಇನ್ನು ತಿಂಗಳಿಗೊಮ್ಮೆ ಅಳೆಯುತ್ತೇನೆ.

ಒಂದು ಸಹಾಯ ಬೇಕು. ರಾತ್ರಿ ಊಟಕ್ಕೆ ಕಾಯಿ ಕಡಿಮೆ ಇರುವ ತಂಬುಳಿ ಮಾಡೋಣ ಎಂದುಕೊಂಡಿದ್ದೇನೆ. ಶಿರಸಿಯ ಕಡೆಯವರು ಹೇಗೆ ಮಾಡುತ್ತಾರೆ?

ತೋಟಪಟ್ಟಿ, ಶಿರಸಿ

ಇದನ್ನು ನನ್ನ ಹೆಂಡತಿ ಹೇಳಿ ಬರೆಸುತ್ತಿದ್ದಾಳೆ. ಒಂದು ಹಿಡಿ ಒಂದೆಲಗವನ್ನು ಬೇರುಸಹಿತ ಚೆನ್ನಾಗಿ ತೊಳೆದುಕೊಳ್ಳಿ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಸೊಪ್ಪು ಹಾಕಿ ಬಾಡಿಸಿ. ನಾಲ್ವರಿಗೆ ಎರಡು ಚಮಚ ಕಾಯಿತುರಿ ಸಾಕು, ಅದರ ಜೊತೆ ನುಣ್ಣಗೆ ರುಬ್ಬಿ. ಬೆಣ್ಣೆ ತೆಗೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ, ಕುದಿಸಬೇಡಿ. ಒಗ್ಗರಣೆ ಬೇಕೆಂದರೆ ಇಂಗು, ಸಾಸಿವೆಗೆ ಕಾಲು ಚಮಚ ಎಣ್ಣೆ. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆಯದ್ದೂ ಹೀಗೆಯೇ, ಆದರೆ ಅದರ ಘಾಟು ಜಾಸ್ತಿ, ಏಳೆಂಟು ಎಲೆ ಸಾಕು. ಊಟದ ಮೊದಲೇ ಒಂದು ಲೋಟ ಕುಡಿದರೆ ಎರಡನೇ ಸಲದ ಅನ್ನ ಬೇಡವೆನಿಸುತ್ತದೆ ಎಂದೂ ಸೇರಿಸಲು ಹೇಳಿದ್ದಾಳೆ.